ಹಬ್ಬಕ್ಕೊಂದು ಹೊಸ ಚಿತ್ರ



ನಮ್ಮ ಹಬ್ಬಗಳಿಗೆ ಪಂಚಾಂಗದಲ್ಲಿ ಬರೆದ ಅಂಗಗಳು ಕೆಲವು, ಬರೆಯದ ಅಂಗಗಳು ಕೆಲವು. ಅಭ್ಯಂಜನ, ಪೂಜೆ, ಹೋಳಿಗೆ, ಹೊಸ ಬಟ್ಟೆ ಇವು ಹಿಂದಿನಿಂದ ನಡೆದುಬಂದವು. ಹೊಸ ಚಲನಚಿತ್ರ ನೋಡುವುದೂ ಇವುಗಳ ಸಾಲಿನಲ್ಲಿ ಬಂದು ಕುಳಿತು ಈಗ ಎಷ್ಟೋ ಕಾಲವಾಯಿತು. ಸಂಕ್ರಾಂತಿ, ಯುಗಾದಿ, ವರಮಹಾಲಕ್ಷ್ಮಿ, ಗಣೇಶನ ಚೌತಿ, ದಸರಾ, ದೀಪಾವಳಿ, ವರ್ಷದ ಕೊನೆಯ ವಾರ — ಚಿತ್ರೋದ್ಯಮದವರಿಗೂ ಒಂದು ಪಂಚಾಂಗವುಂಟು. ಅದರಲ್ಲಿ ತಿಥಿ ನಕ್ಷತ್ರಗಳಿಗಿಂತ ರಜೆಯ ದಿನಗಳಿಗೆ ಹೆಚ್ಚು ಬೆಲೆ.

2025ರ ಅಕ್ಟೋಬರ್ 2ರಂದು ವಿಜಯದಶಮಿಯೂ ಗಾಂಧೀ ಜಯಂತಿಯೂ ಒಂದೇ ದಿನ ಬಂದವು. ‘ಕಾಂತಾರ’ದ ಹಿಂದಿನ ಕಥೆಯನ್ನು ಹೇಳುವ ಚಿತ್ರವೂ ಅದೇ ದಿನ ತೆರೆಗೆ ಬಂದಿತು. ನಮ್ಮ ನೆರೆಮನೆಯ ಕಾಲೇಜು ಹುಡುಗ ಒಂದು ತಿಂಗಳಿನಿಂದ ದಿನ ಎಣಿಸುತ್ತಿದ್ದ. ಆಯುಧಪೂಜೆಯ ಸಂಜೆ ಕಡುಬಿನ ತಟ್ಟೆ ಕೊಡಲು ಬಂದವನು ಬಾಗಿಲಲ್ಲೇ ನಿಂತು, “ಸಾರ್, ನಿಮ್ಮ ಕಾಲದಲ್ಲೂ ಹೀಗೇ ಕಾಯ್ತಿದ್ರಾ?” ಎಂದು ಕೇಳಿದ. “ಕಾಯ್ತಿದ್ವಪ್ಪ. ಆದ್ರೆ ನಮ್ಮದು ದಿನದ ಲೆಕ್ಕ ಅಲ್ಲ, ತಿಂಗಳ ಲೆಕ್ಕ” ಎಂದೆ. ಅವನಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗದಿರುವುದು ಅವನ ತಪ್ಪೂ ಅಲ್ಲ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹಬ್ಬಕ್ಕೂ ಆಟಕ್ಕೂ ಇರುವ ನಂಟು ಸಿನಿಮಾದಿಂದ ಹುಟ್ಟಿದ್ದಲ್ಲ. ಕರಾವಳಿಯಲ್ಲಿ ಯಕ್ಷಗಾನ ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟು, ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯಲ್ಲಿ ಬನದ ಹುಣ್ಣಿಮೆಯಿಂದಾಚೆಗೆ ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕುತ್ತವೆ. ಕಣದ ಕೆಲಸ ಮುಗಿದಿರಬೇಕು, ಕೈಯಲ್ಲಿ ನಾಲ್ಕು ಕಾಸು ಆಡುತ್ತಿರಬೇಕು, ಮನೆಗೆ ನೆಂಟರು ಬಂದಿರಬೇಕು — ಆಗಲೇ ಜನ ಆಟ ನೋಡಲು ಏಳುವುದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಾಗ ಅದರಲ್ಲಿ ನಟಿಸಿದ್ದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ನಾಟಕರಂಗದಿಂದ ಬಂದವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕರಾದ ರಾಜಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ರಂಗದಿಂದ ನಟರು ಬಂದಂತೆ, ಹಬ್ಬಕ್ಕೆ ಆಟ ನೋಡುವ ಪದ್ಧತಿಯೂ ರಂಗದಿಂದಲೇ ಚಿತ್ರಮಂದಿರಕ್ಕೆ ಬಂದಿತೆಂದು ಹೇಳಬಹುದು.

ಆದರೆ ಒಂದು ವ್ಯತ್ಯಾಸವಿದೆ. ನಾಟಕದ ಕಂಪನಿ ಒಂದೇ. ಅದು ಬಂದ ಊರಿನಲ್ಲಿ ಅಂದು ಹೊಸ ಆಟ. ಸಿನಿಮಾ ಹಾಗಲ್ಲ. ಅದಕ್ಕೆ ಎರಡು ಬಿಡುಗಡೆಗಳಿದ್ದವು: ಪಟ್ಟಣದ್ದೊಂದು, ನಮ್ಮದೊಂದು. ಇದರ ಕಾರಣ ತೀರ ಲೌಕಿಕವಾದುದು. ಚಿತ್ರವು 35 ಮಿಲಿಮೀಟರು ಅಗಲದ ಪಟ್ಟಿಯ ಮೇಲೆ ಅಚ್ಚಾಗುತ್ತಿತ್ತು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಅದು ಓಡಿದರೆ ನಿಮಿಷಕ್ಕೆ 90 ಅಡಿ ಬೇಕು. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ. ಸಾವಿರ ಅಡಿಗೊಂದು ಸುರುಳಿಯೆಂದರೆ ಹದಿನಾಲ್ಕು ಸುರುಳಿಗಳು, ಅವುಗಳನ್ನು ಇಡಲು ತಗಡಿನ ಡಬ್ಬಗಳು. ಇಂಥ ಒಂದು ಪ್ರತಿಯನ್ನು ತೆಗೆಸುವ ಖರ್ಚು ಸಣ್ಣದಲ್ಲ. ಆದ್ದರಿಂದ ಹಂಚಿಕೆದಾರರು ಬೇಕಾದಷ್ಟೇ ಪ್ರತಿ ತೆಗೆಸಿ, ಮೊದಲು ದೊಡ್ಡ ಪಟ್ಟಣಗಳಿಗೂ ಆಮೇಲೆ ತಾಲ್ಲೂಕು ಕೇಂದ್ರಗಳಿಗೂ ಕಡೆಯಲ್ಲಿ ಹಳ್ಳಿಗಳ ಟೆಂಟುಗಳಿಗೂ ಕಳಿಸುತ್ತಿದ್ದರು. ಒಂದೇ ಊರಿನ ಎರಡು ಚಿತ್ರಮಂದಿರಗಳಿಗೆ ಒಂದೇ ಪ್ರತಿಯಿದ್ದು, ಅಲ್ಲಿ ಮುಗಿದ ಸುರುಳಿಯನ್ನು ಸೈಕಲ್ಲಿನಲ್ಲಿ ಇಲ್ಲಿಗೆ ತರುವುದೂ ಇತ್ತು. ಸೈಕಲ್ಲಿನವನು ದಾರಿಯಲ್ಲಿ ತಡವಾದರೆ ತೆರೆ ಬೆಳ್ಳಗಾಗಿ, ನೋಡುವವರ ಶಿಳ್ಳೆ ಮುಗಿಲು ಮುಟ್ಟುತ್ತಿತ್ತು.

ಹೀಗೆ ಕೈಯಿಂದ ಕೈಗೆ, ಯಂತ್ರದಿಂದ ಯಂತ್ರಕ್ಕೆ ಸಾಗಿಬಂದ ಪ್ರತಿ ನಮ್ಮಲ್ಲಿಗೆ ತಲಪುವ ಹೊತ್ತಿಗೆ ಅದಕ್ಕೆ ಮುಪ್ಪು ಬಂದಿರುತ್ತಿತ್ತು. ಹರಿದಲ್ಲಿ ಕತ್ತರಿಸಿ ಅಂಟಿಸಿರುವರು. ಹಾಡಿನ ನಡುವೆ ಒಂದು ಚರಣವೇ ಮಾಯ. ಗೀರು ಬಿದ್ದಲ್ಲೆಲ್ಲ ತೆರೆಯ ಮೇಲಿನಿಂದ ಕೆಳಕ್ಕೆ ಬಿಳಿಯ ಗೆರೆಗಳು. ಈ ಗೆರೆಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಅವುಗಳ ಮಾತು ಮುಂದೆ ಬರುತ್ತದೆ.

ನಮ್ಮ ಊರು ಚಿತ್ರದುರ್ಗದ ಸೀಮೆಯ ಒಂದು ಹಳ್ಳಿ. ದೀಪಾವಳಿಯ ಆಸುಪಾಸಿನಲ್ಲಿ ಟೆಂಟು ಏಳುತ್ತಿತ್ತು. ಮುಂಗಾರು ಹಿಡಿದಾಗ ಕಿತ್ತುಕೊಂಡು ಹೋಗುತ್ತಿದ್ದರು. ಸಂಜೆ ಘಂಟಸಾಲರು ಹಾಡಿದ ವೆಂಕಟೇಶ್ವರನ ಭಕ್ತಿಗೀತೆ ಧ್ವನಿವರ್ಧಕದಲ್ಲಿ ಕೇಳಿಸಿತೆಂದರೆ ಟಿಕೇಟು ಕೊಡಲು ಆರಂಭವಾಯಿತೆಂದು ಅರ್ಥ. ನೆಲ, ಬೆಂಚು, ಕುರ್ಚಿ ಎಂದು ಮೂರು ವರ್ಗ. ನೆಲದವರು ಮರಳನ್ನು ಗುಡ್ಡೆ ಮಾಡಿ ತಮ್ಮ ಕುರ್ಚಿಯನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಅದಕ್ಕೆ ಎಷ್ಟೋ ತಿಂಗಳ ಮುಂಚೆಯೇ ಚಿತ್ರದ ಹಾಡು ರೇಡಿಯೋದಲ್ಲಿ ಬಂದಿರುತ್ತಿತ್ತು, ಹಾಡಿನ ಪುಸ್ತಕ ಸಂತೆಯಲ್ಲಿ ಸಿಕ್ಕಿರುತ್ತಿತ್ತು. ಆ ತೆಳುವಾದ ಪುಸ್ತಕದಲ್ಲಿ ಕಥೆಯ ಮುಕ್ಕಾಲು ಭಾಗವನ್ನು ಹೇಳಿ, ಬಿಗಿಯಾದ ಸ್ಥಳದಲ್ಲಿ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಮುದ್ರಿಸಿರುತ್ತಿದ್ದರು. ಉಳಿದ ಕಾಲು ಭಾಗವನ್ನು ನಾವು ಜಗಲಿಯ ಮೇಲೆ ಕುಳಿತು ಸೃಷ್ಟಿಸಿಕೊಳ್ಳುತ್ತಿದ್ದೆವು.

ಭರತನು ನಾಟ್ಯಶಾಸ್ತ್ರದಲ್ಲಿ ಎಣಿಸಿರುವ 33 ವ್ಯಭಿಚಾರಿ ಭಾವಗಳಲ್ಲಿ ಔತ್ಸುಕ್ಯವೂ ಒಂದು. ನಾಟಕಕ್ಕೆ ಮೊದಲು ಪೂರ್ವರಂಗವೆಂಬ ವಿಸ್ತಾರವಾದ ವಿಧಿಯನ್ನೂ ಅವನು ಹೇಳಿದ್ದಾನೆ. ಯಕ್ಷಗಾನದಲ್ಲಿ ಬಣ್ಣದ ವೇಷ ಒಮ್ಮೆಗೇ ರಂಗಕ್ಕೆ ಬರುವುದಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ಮೊದಲು ಅಬ್ಬರ, ಬಳಿಕ ಕಿರೀಟದ ತುದಿ, ಬಳಿಕ ಮುಖದ ಅರ್ಧ. ಪೂರ್ಣ ದರ್ಶನ ಕಡೆಗೆ. ತಡಮಾಡುವುದೂ ಕಲೆಯ ಒಂದು ಅಂಗವೆಂಬುದನ್ನು ನಮ್ಮ ಹಿರಿಯರು ಬಲ್ಲರು. ನಮ್ಮ ಟೆಂಟಿನ ಸಿನಿಮಾಕ್ಕೆ ಈ ತೆರೆಕುಣಿತ ತಿಂಗಳುಗಟ್ಟಲೆ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದುದು ಕಲೆಯಲ್ಲ, ಬಡತನ. ಆದರೂ ಕಲ್ಪನೆಗೆ ಅದರಿಂದ ಲಾಭವಾಯಿತು.

ಇಲ್ಲಿ ನನ್ನ ಅಕ್ಕನ ಮಾತು ಹೇಳಬೇಕು. 1972ರಲ್ಲಿ ನನಗೆ ಹದಿಮೂರು, ಅಕ್ಕನಿಗೆ ಹತ್ತೊಂಬತ್ತು. ಪುಟ್ಟಣ್ಣ ಕಣಗಾಲರು ನಮ್ಮ ದುರ್ಗದ ಕೋಟೆಯಲ್ಲೇ ‘ನಾಗರಹಾವು’ ಚಿತ್ರೀಕರಿಸಿದರೆಂಬ ಸುದ್ದಿ ಊರೂರಿಗೂ ಹಬ್ಬಿತ್ತು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಚಿತ್ರ ಅದು. ಅಕ್ಕ ಮೂರನ್ನೂ ತರಿಸಿ ಓದಿದ್ದಳು. ಸಂಜೆ ಒಲೆಯ ಮುಂದೆ ಕುಳಿತು ನನಗೆ ದಿನಕ್ಕಿಷ್ಟು ಎಂದು ಹೇಳುತ್ತಿದ್ದಳು. ಅವಳ ರಾಮಾಚಾರಿ ಕೋಪಿಷ್ಠನಾದರೂ ಮಾತು ಕಡಿಮೆ. ಅವಳ ಚಾಮಯ್ಯ ಮೇಷ್ಟ್ರು ನಮ್ಮ ಶಾಲೆಯ ಕನ್ನಡ ಪಂಡಿತರ ಹಾಗೆ ಕೊಡೆ ಹಿಡಿದೇ ನಡೆಯುವವರು.

1972ರ ಡಿಸೆಂಬರ್ 29, ಶುಕ್ರವಾರ, ಚಿತ್ರ ಬಿಡುಗಡೆಯಾಯಿತು. ಅದು ದುರ್ಗದ ಪೇಟೆಗೆ ಬಂದಾಗ ಊರಿನ ಗಂಡಸರು ಬಸ್ಸು ಹಿಡಿದು ಹೋಗಿ ನೋಡಿಬಂದರು. ಅಕ್ಕ ಅಪ್ಪನನ್ನು ಕೇಳಿದಳು. ಅಪ್ಪ ಕೆಟ್ಟವರಲ್ಲ, ಕಾಲದವರು. “ಹೆಣ್ಣುಮಕ್ಕಳು ಸಿನಿಮಾಕ್ಕೆ ಅಂತ ಪೇಟೆಗೆ ಹೋಗೋದು ಬೇಡ. ಟೆಂಟಿಗೆ ಬರ್ತದೆ, ಆಗ ನಿಮ್ಮಮ್ಮನ ಜೊತೆ ಹೋಗಿ” ಎಂದರು. ಅಕ್ಕ ಹೋಗುವುದಿಲ್ಲವೆಂದ ಮೇಲೆ ನಾನೂ ಹೋಗಲಿಲ್ಲ. ಸಂಕ್ರಾಂತಿ ಕಳೆಯಿತು, ಯುಗಾದಿ ಕಳೆಯಿತು; ಟೆಂಟಿಗೆ ಬೇರೆ ಚಿತ್ರಗಳು ಬಂದವು. ವೈಶಾಖದಲ್ಲಿ ಅಕ್ಕನ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಅವಳ ಮನೆಯ ಹತ್ತಿರದ ಚಿತ್ರಮಂದಿರದಲ್ಲಿ ಹಿಂದಿ. ಮುಂದಿನ ದೀಪಾವಳಿಗೆ ನಮ್ಮ ಟೆಂಟು ಎದ್ದಾಗ ಗೋಡೆಯ ಮೇಲೆ ‘ನಾಗರಹಾವು’ ಬಂದಿತ್ತು.

ನಾನು ನೆಲದಲ್ಲಿ ಕುಳಿತು ಮೂರು ರಾತ್ರಿ ನೋಡಿದೆ. ಆಮೇಲೆ ಅಕ್ಕನಿಗೆ ಕಾಗದ ಬರೆದೆ. ಒಂದು ಇನ್‌ಲ್ಯಾಂಡಿನಲ್ಲಿ ಮುಗಿಯಲಿಲ್ಲ, ನಾಲ್ಕು ಬೇಕಾದವು. ಒಂದೊಂದು ದೃಶ್ಯವನ್ನೂ ಬಿಡದೆ ಬರೆದೆ. ಕಥೆ ಕೇಳುತ್ತಿದ್ದವನು ಹೇಳುವವನಾದೆ. ಮುಂದೆ ನಾನು ಕನ್ನಡ ಎಂ.ಎ. ಮಾಡಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದ್ದಕ್ಕೆ ಮೊದಲ ಅಭ್ಯಾಸ ಆ ನಾಲ್ಕು ಕಾಗದಗಳಲ್ಲಿ ಆಯಿತೆಂದು ಈಗ ತೋರುತ್ತದೆ.

ಇಂದಿನ ಏರ್ಪಾಡು ಬೇರೆ. ಸುರುಳಿಗಳು ಹೋದವು. ಚಿತ್ರ ಉಪಗ್ರಹದ ಮೂಲಕವೋ ಅಂಗೈಯಗಲದ ಪೆಟ್ಟಿಗೆಯಲ್ಲೋ ಚಿತ್ರಮಂದಿರಕ್ಕೆ ಬಂದು ಕುಳಿತಿರುತ್ತದೆ. ಅದಕ್ಕೊಂದು ಗುಪ್ತ ಬೀಗ. ಗೊತ್ತಾದ ಗಳಿಗೆಗೆ ಮೊದಲು ತೆರೆಯದು, ಅವಧಿ ಮುಗಿದ ಮೇಲೆ ನಡೆಯದು. ಹೀಗಾಗಿ 2018ರ ಡಿಸೆಂಬರ್ 21ರಂದು ‘ಕೆ.ಜಿ.ಎಫ್.’ ಚಿತ್ರದ ಮೊದಲ ಭಾಗ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಹೊರಬರುವುದು ಸಾಧ್ಯವಾಯಿತು. ತಾಲ್ಲೂಕಿನವನೂ ರಾಜಧಾನಿಯವನೂ ಈಗ ಒಂದೇ ದಿನ ನೋಡುತ್ತಾರೆ, ಗೀರಿಲ್ಲದ ಪ್ರತಿಯನ್ನೇ ನೋಡುತ್ತಾರೆ. ಇದು ನ್ಯಾಯ. ಇದನ್ನು ಹಳೆಯ ಕಾಲದ ಮೋಹದಿಂದ ಅಲ್ಲಗಳೆಯಲಾರೆ.

ಹಬ್ಬದ ಅರ್ಥ ಮಾತ್ರ ಬದಲಾಗಿದೆ. ಹಿಂದೆ ಚಿತ್ರದ ಗೆಲುವನ್ನು ದಿನಗಳಲ್ಲಿ ಅಳೆಯುತ್ತಿದ್ದರು: ನೂರು ದಿನ, ಇಪ್ಪತ್ತೈದು ವಾರ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆಯಿತು. ‘ನಾಗರಹಾವು’ ಬಂದ ಡಿಸೆಂಬರ್ 29ನೆಯ ತಾರೀಖೇ 2006ರಲ್ಲಿ ಮತ್ತೆ ಶುಕ್ರವಾರ ಬಿದ್ದಾಗ ತೆರೆಕಂಡ ‘ಮುಂಗಾರು ಮಳೆ’ ಬಾಯಿಂದ ಬಾಯಿಗೆ ಹರಡಿದ ಮಾತಿನಿಂದ ಬೆಳೆದು ವರ್ಷಕ್ಕೂ ಮೀರಿ ನಡೆಯಿತು. ಆಗ ಹಬ್ಬ ಚಿತ್ರಕ್ಕೆ ಆರಂಭ. ಈಗ ಏಕಕಾಲಕ್ಕೆ ನೂರಾರು ತೆರೆಗಳಲ್ಲಿ ಹರಡಿ ಮೊದಲ ಮೂರು ನಾಲ್ಕು ದಿನಗಳ ಗಳಿಕೆಯನ್ನೇ ನಂಬುವುದರಿಂದ, ಅನೇಕ ಚಿತ್ರಗಳಿಗೆ ಹಬ್ಬವೇ ಆರಂಭ, ಹಬ್ಬವೇ ಮುಕ್ತಾಯ. ಕೆಲವು ವಾರಗಳಲ್ಲಿ ಅದೇ ಚಿತ್ರ ಮನೆಯ ಪರದೆಗೆ ಬರುತ್ತದೆಂದು ಸುಮ್ಮನಿರುವವರೂ ಬಹಳ. ಬೆಂಗಳೂರಿನ ಕಪಾಲಿ 2017ರಲ್ಲಿ ಮುಚ್ಚಿತು. ಮೈಸೂರಿನ ಶಾಂತಲಾ 2020ರಲ್ಲಿ ಮುಚ್ಚಿತು. ಜನ ಒಟ್ಟಿಗೆ ಕುಳಿತು ಕಾಯುವ ಜಾಗಗಳು ಕಡಿಮೆಯಾಗುತ್ತಿವೆ.

ಕಾಯುವುದನ್ನು ಹೊಗಳುವುದು ನನ್ನ ವಯಸ್ಸಿನವರಿಗೆ ಸುಲಭ. ಆದರೆ ಹಾಗೆ ಹೊಗಳುವಾಗ, ಕಾದವರು ಯಾರು ಎಂದು ಕೇಳಿಕೊಳ್ಳಬೇಕು. ನನಗೆ ಆ ಹತ್ತು ತಿಂಗಳ ಕಾಯುವಿಕೆ ರಸವಾಯಿತು. ಅದರ ಕೊನೆಯಲ್ಲಿ ಚಿತ್ರವಿತ್ತು. ಅಕ್ಕನಿಗೆ ಅದು ಅಪ್ಪಣೆಯಿಲ್ಲದ್ದಕ್ಕೆ ಇನ್ನೊಂದು ಹೆಸರು. ಆಮೇಲೆ ಮನೆ, ಮಕ್ಕಳು, ಮುದುಕಿ ಅತ್ತೆ. ದೂರದರ್ಶನದಲ್ಲಿ ಬಂದ ದಿನವೂ ಅವಳಿಗೆ ಪೂರ್ತಿ ಕುಳಿತು ನೋಡಲು ಆಗಲಿಲ್ಲವಂತೆ.

2018ರ ಜುಲೈ 20ರಂದು ‘ನಾಗರಹಾವು’ ಚಿತ್ರವನ್ನು ಹೊಸ ತಂತ್ರಜ್ಞಾನದಿಂದ ಶುದ್ಧಗೊಳಿಸಿ ಮತ್ತೆ ಬಿಡುಗಡೆ ಮಾಡಿದರು. ಆಗ ಆಷಾಢ ಮಾಸ. ಹಬ್ಬವಿಲ್ಲ, ಹುಣ್ಣಿಮೆ ದೂರ. ಅಕ್ಕ ಬೆಂಗಳೂರಿನ ನನ್ನ ಮನೆಗೆ ಬಂದಿದ್ದಳು. ಅರವತ್ತೈದು ವರ್ಷದವಳು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಆಟಕ್ಕೆ ಒಂದು ಗಂಟೆ ಮೊದಲೇ ಚಪ್ಪಲಿ ಮೆಟ್ಟಿ ನಿಂತಳು. ಇಬ್ಬರೂ ಹೋದೆವು. ಚಿತ್ರ ನಡೆಯುವಷ್ಟು ಹೊತ್ತೂ ಅವಳು ಒಂದು ಮಾತೂ ಆಡಲಿಲ್ಲ.

ಹೊರಗೆ ಬಂದು ಆಟೋಕ್ಕೆ ಕಾಯುತ್ತಿದ್ದಾಗ ಕೇಳಿದಳು: “ಅಲ್ಲ ಕಣೋ, ಸಿನಿಮಾ ಉದ್ದಕ್ಕೂ ಜೋರು ಮಳೆ ಹುಯ್ತಿತ್ತು, ರಾಮಾಚಾರಿ ನೆನಕೊಂಡೇ ಕೋಟೆ ಹತ್ತಿದ ಅಂತ ಬರೆದಿದ್ದೆಯಲ್ಲ. ಎಲ್ಲೋ ಆ ಮಳೆ?”

ಮುಪ್ಪಾದ ಪ್ರತಿಯ ಗೀರುಗಳನ್ನು ಹದಿಮೂರರ ಹುಡುಗ ಮಳೆಯೆಂದು ನಂಬಿ ಬರೆದಿದ್ದ. ಮಳೆಯೇ ಕಾಣದ ದುರ್ಗದ ಬಂಡೆಗಳ ಮೇಲೆ ಅಕ್ಕ ನಲವತ್ತೈದು ವರ್ಷ ಆ ಮಳೆಯನ್ನು ಸುರಿಸಿಕೊಂಡು ಬಂದಿದ್ದಳು. ಸುರುಳಿ, ಗೀರು, ಶುದ್ಧೀಕರಣ ಎಂದು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಆಟೋ ಬಂದಿತು. ಒಳಗೆ ಕುಳಿತು ಸೆರಗು ಸರಿಮಾಡಿಕೊಳ್ಳುತ್ತ ಅವಳೇ ಹೇಳಿದಳು: “ಇರಲಿ ಬಿಡು. ನೀನು ಬರೆದದ್ದೂ ಚೆನ್ನಾಗಿತ್ತು.”