ಅದು ಸಾವಿರಾರು ವರ್ಷದ ಜಗಳವಲ್ಲ

ಬೆಂಗಳೂರಿನ ಜೆ.ಸಿ. ನಗರದ ಬಳಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಸವಾರರು ಮೆಷಿನ್‌ಗನ್ನುಗಳಿಗೆ ಎದುರಾಗಿ ಭರ್ಜಿ ಹಿಡಿದು ಕುದುರೆ ಓಡಿಸಿದರು, ಮೆಡಿಟರೇನಿಯನ್ ದಂಡೆಯ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು. ಆ ಧೈರ್ಯಕ್ಕೆ ನಾವು ಹೆಮ್ಮೆಪಡಬೇಕಾದದ್ದೇ. ಆದರೆ ‘ನಮ್ಮವರು ಇಸ್ರೇಲಿಗಾಗಿ ಹೈಫಾ ಬಿಡಿಸಿಕೊಟ್ಟರು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಮಾತು ನಿಜವಲ್ಲ. ಇಸ್ರೇಲ್ ಹುಟ್ಟಲು ಇನ್ನೂ 30 ವರ್ಷ ಬಾಕಿಯಿತ್ತು. ಅವರು ಕಾದಿದ್ದು ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ. ಅವರು ಗೆದ್ದ ಊರಲ್ಲಿ ಹೆಚ್ಚಿನವರು ಅರಬರು, ಅಂದರೆ ಮುಸ್ಲಿಮರು ಮತ್ತು ಕ್ರೈಸ್ತರು. ಯಹೂದಿಗಳೂ ಇದ್ದರು.

ಇದಕ್ಕಿಂತ ಆಳವಾಗಿ ಬೇರುಬಿಟ್ಟ ನಂಬಿಕೆ ಇನ್ನೊಂದಿದೆ: ‘ಯಹೂದಿಗಳೂ ಅರಬರೂ ಸಾವಿರಾರು ವರ್ಷಗಳಿಂದ ಹೊಡೆದಾಡುತ್ತಲೇ ಇದ್ದಾರೆ.’ ಜೆರುಸಲೇಮಿನ ಮೇಲಿನ ಭಕ್ತಿ ಹಳೆಯದು, ಜಗಳ ಹಳೆಯದಲ್ಲ. 1099ರಲ್ಲಿ ಯುರೋಪಿನ ಕ್ರೂಸೇಡರುಗಳು ಆ ನಗರಕ್ಕೆ ನುಗ್ಗಿದಾಗ ಮುಸ್ಲಿಮರು, ಯಹೂದಿಗಳು ಇಬ್ಬರೂ ಕೊಲೆಯಾದರು. 1517ರಿಂದ ನಾನೂರು ವರ್ಷ ನಡೆದ ತುರ್ಕರ ಆಳ್ವಿಕೆಯಲ್ಲಿ ಮೇಲು–ಕೀಳು ಇತ್ತು, ಆದರೆ ‘ಈ ನೆಲ ಯಾವ ರಾಷ್ಟ್ರದ್ದು’ ಎಂಬ ಯುದ್ಧ ಇರಲಿಲ್ಲ. ಆ ಪ್ರಶ್ನೆ ಎದ್ದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಯುರೋಪಿನ ಯಹೂದಿದ್ವೇಷದಿಂದ ಬೆಂದವರು 1897ರಲ್ಲಿ ಥಿಯೋಡೋರ್ ಹರ್ಝಲ್ ಮುಂದಾಳತ್ವದಲ್ಲಿ ಬಾಸೆಲ್‌ನಲ್ಲಿ ಸೇರಿ, ಪ್ಯಾಲೆಸ್ಟೀನಿನಲ್ಲಿ ತಮಗೊಂದು ನೆಲೆ ಬೇಕೆಂದರು. ಅದೇ ಕಾಲದಲ್ಲಿ ಅರಬರಲ್ಲೂ ರಾಷ್ಟ್ರಭಾವನೆ ಚಿಗುರುತ್ತಿತ್ತು. ಬ್ರಿಟನ್ ಇಬ್ಬರಿಗೂ ಆಸೆ ತೋರಿಸಿತು. 1915–16ರ ಪತ್ರಗಳಲ್ಲಿ ಅರಬರಿಗೆ ಸ್ವಾತಂತ್ರ್ಯದ ಭರವಸೆ ಸಿಕ್ಕಿತು, 1917ರ ಬಾಲ್ಫರ್ ಘೋಷಣೆಯಲ್ಲಿ ಯಹೂದಿಗಳಿಗೆ ‘ರಾಷ್ಟ್ರೀಯ ನೆಲೆ’ಯ ಭರವಸೆ ಸಿಕ್ಕಿತು.

‘ಅದು ಜನರಿಲ್ಲದ ಬರಡು ನೆಲ’ ಎನ್ನುವವರೂ, ‘ಯಹೂದಿಗಳು ಹಿಟ್ಲರನ ನಂತರ ಬಂದಿಳಿದವರು’ ಎನ್ನುವವರೂ ಪ್ಯಾಲೆಸ್ಟೀನಿನ 1922ರ ಬ್ರಿಟಿಷ್ ಜನಗಣತಿಯನ್ನು ನೋಡಬೇಕು. ಅಲ್ಲಿದ್ದವರು ಏಳೂವರೆ ಲಕ್ಷ ಜನ. ಅವರಲ್ಲಿ ಯಹೂದಿಗಳು ಸುಮಾರು 84 ಸಾವಿರ, ಉಳಿದವರಲ್ಲಿ ಬಹುಪಾಲು ಅರಬರು. ಜಾಫಾದ ಕಿತ್ತಳೆ ಅದಕ್ಕೂ ಮೊದಲೇ ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು.

ಇದು ಮುಸ್ಲಿಮರ ಮತ್ತು ಯಹೂದಿಗಳ ಧರ್ಮಯುದ್ಧವೆಂಬ ಮಾತೂ ಅರ್ಧಸತ್ಯ. ಪ್ಯಾಲೆಸ್ಟೀನಿಯರ ಸಶಸ್ತ್ರ ಸಂಘಟನೆ ಪಿ.ಎಫ್.ಎಲ್.ಪಿ.ಯನ್ನು 1967ರಲ್ಲಿ ಕಟ್ಟಿದ ಜಾರ್ಜ್ ಹಬಾಶ್ ಕ್ರೈಸ್ತ ಮನೆತನದವರು.

ಹೈಫಾಗೆ ಮರಳೋಣ. ಅರಬ್ ಮೇಯರ್ ಹಸನ್ ಶುಕ್ರಿ ಯಹೂದಿಗಳೊಡನೆ ಕೂಡಿ ಊರು ನಡೆಸಿದರು. 1940ರಲ್ಲಿ ಅವರು ತೀರಿಕೊಂಡ ಮೇಲೆ ಶಬ್ತಾಯ್ ಲೆವಿ ಎಂಬ ಯಹೂದಿ ಆ ಸ್ಥಾನಕ್ಕೆ ಬಂದರು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ ಪ್ಯಾಲೆಸ್ಟೀನಿನ ನೆಲವನ್ನು ಯಹೂದಿಗಳಿಗೂ ಅರಬರಿಗೂ ಹಂಚುವ ನಿರ್ಣಯ ಮಾಡಿತು. ಪರ 33, ವಿರೋಧ 13. ಭಾರತ ವಿರೋಧವಾಗಿ ಮತ ಹಾಕಿತು. ತಿಂಗಳು ಕಳೆಯುತ್ತಿದ್ದಂತೆಯೇ ಹೈಫಾದ ತೈಲ ಸಂಸ್ಕರಣಾಗಾರದ ಹೊರಗೆ ಇರ್ಗುನ್ ಎಂಬ ಯಹೂದಿ ಸಶಸ್ತ್ರ ಗುಂಪಿನವರು ಕೆಲಸಕ್ಕಾಗಿ ನಿಂತಿದ್ದ ಅರಬರ ಮೇಲೆ ಬಾಂಬ್ ಎಸೆದು ಆರು ಜನರನ್ನು ಕೊಂದರು. ಒಳಗಿದ್ದ ಅರಬ್ ಕಾರ್ಮಿಕರು ತಮ್ಮ ಜೊತೆ ದುಡಿಯುತ್ತಿದ್ದ 39 ಯಹೂದಿಗಳನ್ನು ಕೊಂದುಹಾಕಿದರು. ಒಂದೇ ದಿನ, ಒಂದೇ ಕಾರ್ಖಾನೆ.

1948ರಲ್ಲಿ ಅರಬರು ಊರು ತೊರೆದದ್ದರ ಬಗ್ಗೆ ಎರಡು ಕಡೆಯವರೂ ತಮಗೆ ಬೇಕಾದ ಕಥೆ ಹೇಳುತ್ತಾರೆ. ‘ಅರಬ್ ನಾಯಕರು ರೇಡಿಯೋದಲ್ಲಿ ಊರು ಬಿಡಿ ಎಂದರು, ಜನ ಹೋದರು’ ಎಂಬುದು ಒಂದು. ಆ ಕಾಲದ ಪ್ರಸಾರಗಳ ದಾಖಲೆ ಕೆದಕಿದವರಿಗೆ ಅಂಥ ಆದೇಶ ಸಿಗಲಿಲ್ಲ. ‘ಎಲ್ಲರನ್ನೂ ಬಂದೂಕು ಹಿಡಿದೇ ಓಡಿಸಿದರು’ ಎಂಬುದು ಇನ್ನೊಂದು. ಲಿದ್ದಾ, ರಾಮ್ಲೆ ಪಟ್ಟಣಗಳ ಮಟ್ಟಿಗೆ ಅದು ನಿಜ. ಆ ಜುಲೈಯಲ್ಲಿ ಇಸ್ರೇಲಿನ ಸೇನೆಯೇ ಆದೇಶ ಕೊಟ್ಟು ಸುಡುಬಿಸಿಲಲ್ಲಿ ಅಲ್ಲಿಯ ಜನರನ್ನು ಹೊರದಬ್ಬಿತು. ಹೈಫಾದಲ್ಲಿ ನಡೆದದ್ದು ಬೇರೆ. ಏಪ್ರಿಲ್ ಹೊತ್ತಿಗೇ ಸಾವಿರಾರು ಅರಬರು ಊರು ತೊರೆದಿದ್ದರು. 22ರಂದು ಯಹೂದಿ ಪಡೆ ಹಗಾನಾ ಮಾರುಕಟ್ಟೆಯ ಮೇಲೆ ಮಾರ್ಟರ್ ಸುರಿಸಿತು, ದಿಕ್ಕೆಟ್ಟ ಜನ ಬಂದರಿನತ್ತ ಓಡಿದರು. ಶರಣಾಗತಿಯ ಸಭೆಯಲ್ಲಿ ಅರಬ್ ಮುಖಂಡರು ‘ನಾವು ಹೊರಡುತ್ತೇವೆ’ ಎಂದಾಗ, ಹೋಗಬೇಡಿ ಎಂದು ಅವರನ್ನು ಬೇಡಿಕೊಂಡವರು ಇದೇ ಶಬ್ತಾಯ್ ಲೆವಿ. ಭಯ, ದಾಳಿ, ನಾಯಕರ ಕುಸಿತ ಎಲ್ಲ ಒಟ್ಟಾಗಿದ್ದವು. ಆದರೆ ಹೇಗೆ ಹೋದರು ಎಂಬುದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನಂತರದ್ದು: ಹೋದವರು ಮರಳಬಾರದೆಂದು ಇಸ್ರೇಲ್ ಸರ್ಕಾರ ಅದೇ ಬೇಸಿಗೆಯಲ್ಲಿ ತೀರ್ಮಾನಿಸಿತು. ಒಟ್ಟು ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ನಿರಾಶ್ರಿತರಾದರು. ಅವರು ಅದನ್ನು ‘ನಕ್ಬಾ’, ಮಹಾದುರಂತ, ಎನ್ನುತ್ತಾರೆ.

ನೆಲೆ ಕಳೆದುಕೊಂಡವರು ಪ್ಯಾಲೆಸ್ಟೀನಿಯರು ಮಾತ್ರ ಎಂದುಕೊಳ್ಳುವುದೂ ತಪ್ಪು. 1950–51ರಲ್ಲಿ ಇರಾಕಿನಿಂದಲೇ ಲಕ್ಷಕ್ಕೂ ಮೀರಿ ಯಹೂದಿಗಳು ಮನೆ, ಅಂಗಡಿ, ಪೌರತ್ವ ಬಿಟ್ಟು ಇಸ್ರೇಲಿಗೆ ವಿಮಾನ ಹತ್ತಿದರು. ಆ ನಾಡಿನಲ್ಲಿ ಅವರ ಪೂರ್ವಿಕರು ಇಸ್ಲಾಮಿಗಿಂತ ಮೊದಲಿನವರು. ಆ ನೋವು ಈ ನೋವನ್ನು ತೊಡೆದುಹಾಕುವುದಿಲ್ಲ, ಈ ನೋವು ಆ ನೋವನ್ನೂ ಅಷ್ಟೇ.

ಹೈಫಾದ ಅರುವತ್ತು ಸಾವಿರಕ್ಕೂ ಹೆಚ್ಚು ಅರಬರಲ್ಲಿ ಉಳಿದವರು ಮೂರು–ನಾಲ್ಕು ಸಾವಿರ. ಅವರನ್ನು ಹೆಚ್ಚಾಗಿ ವಾದಿ ನಿಸ್ನಾಸ್ ಎಂಬ ಕೇರಿಯಲ್ಲಿ ಒಟ್ಟುಗೂಡಿಸಿ ಇರಿಸಿದರು. ಅಲ್ಲಿ ಇಂದಿಗೂ ಅರಬರೇ ಹೆಚ್ಚು. ಅವರು ಇಸ್ರೇಲಿನ ಪ್ರಜೆಗಳು, ಹಾಗೆಯೇ ಪ್ಯಾಲೆಸ್ಟೀನಿಯರು.