ಲ್ಯಾಬ್ ಟೆಕ್ನಿಷಿಯನ್: ಓದು, ಉದ್ಯೋಗ ಮತ್ತು ಅಮಾನತ್

ಅಮಾನತ್ ಎಂದಾಗ ನಮಗೆ ಮೊದಲು ನೆನಪಾಗುವುದು ಯಾರೋ ನಂಬಿ ಇಟ್ಟ ಹಣ, ಒಡವೆ. ಆದರೆ ಖುತ್ಬಾಗಳಲ್ಲಿ ಉಸ್ತಾದರು ವಿವರಿಸುವ ಅಮಾನತ್ ಅದಕ್ಕಿಂತ ಎಷ್ಟೋ ವಿಶಾಲವಾದದ್ದು. ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂಬ ಆದೇಶ ಸೂರಃ ಅನ್ನಿಸಾದ 58ನೇ ಆಯತ್‌ನಲ್ಲಿದೆ. ಆಸ್ಪತ್ರೆಯಲ್ಲಿ ನಾವು ತೋಳು ಚಾಚಿ ಕೊಡುವ ರಕ್ತವೂ ಅಂಥದೇ ಒಂದು ಅಮಾನತ್. ಅದನ್ನು ಪಡೆದವರ ಹೆಸರು ನಮಗೆ ಗೊತ್ತಿರುವುದಿಲ್ಲ. ಒಳಗೆ ಅವರು ಏನು ಮಾಡಿದರೆಂದು ನಾವು ನೋಡುವುದೂ ಇಲ್ಲ. ಡಾಕ್ಟರ್ ಔಷಧ ಬರೆಯುವುದು ಮಾತ್ರ ಅವರು ಕೊಟ್ಟ ಅಂಕಿಯನ್ನು ನೋಡಿಯೇ.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದಾಗ ಪುತ್ತೂರು, ಸುಳ್ಯ, ಕಡಬದ ನಮ್ಮ ಮನೆಗಳಲ್ಲಿ 'ಮುಂದೇನು?' ಎಂಬ ಮಾತು ಶುರುವಾಗುತ್ತದೆ. ಡಾಕ್ಟರ್ ಸೀಟು ಸಿಗಲಿಲ್ಲವೆಂದು ಹುಡುಗ ಗಲ್ಫ್ ವೀಸಾ ಹುಡುಕುತ್ತಾನೆ, ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ. ಡಾಕ್ಟರ್ ಮತ್ತು ನರ್ಸ್ ಬಿಟ್ಟರೆ ಆಸ್ಪತ್ರೆಯಲ್ಲಿ ಬೇರೆ ಓದು, ಬೇರೆ ಉದ್ಯೋಗ ಇದೆ ಎಂಬುದೇ ಅನೇಕ ಪೋಷಕರಿಗೆ ತಿಳಿದಿಲ್ಲ.

ಕೆಲಸ ಯಾವುದು?

ನಮ್ಮ ಊರಿನದೇ ಉದಾಹರಣೆ ನೋಡೋಣ. ಮಳೆಗಾಲದಲ್ಲಿ ರಬ್ಬರ್ ಚಿರಟೆಯಲ್ಲಿ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನೀರು ನಿಂತು ಸೊಳ್ಳೆ ಹುಟ್ಟುತ್ತದೆ, ಡೆಂಗಿ ಜ್ವರ ಹರಡುತ್ತದೆ. ಆರೋಗ್ಯವಂತರ ರಕ್ತದಲ್ಲಿ ಪ್ಲೇಟ್‌ಲೆಟ್ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. ರಿಪೋರ್ಟಿನಲ್ಲಿ ಇಪ್ಪತ್ತು ಸಾವಿರ ಎಂದು ಬಂದರೆ ಮನೆಯವರೆಲ್ಲ ಗಾಬರಿ. ಕೂಡಲೇ ಮಂಗಳೂರಿಗೆ ಆಂಬುಲೆನ್ಸ್, ಕೈಸಾಲ.

ಆ ಅಂಕಿ ನಿಜವೇ ಇರಬಹುದು. ಆದರೆ ರಕ್ತ ತೆಗೆದ ಕೂಡಲೇ ಟ್ಯೂಬನ್ನು ನಿಧಾನವಾಗಿ ತಿರುಗಿಸಿ ಬೆರೆಸದಿದ್ದರೆ ಒಳಗೆ ಸಣ್ಣ ಗಡ್ಡೆ ಕಟ್ಟುತ್ತದೆ. ಕೆಲವರ ರಕ್ತದಲ್ಲಿ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕದಿಂದಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಷಿನ್ ಆಗ ಅವುಗಳನ್ನು ಸರಿಯಾಗಿ ಎಣಿಸುವುದಿಲ್ಲ. ತರಬೇತಿ ಪಡೆದ ಟೆಕ್ನಿಷಿಯನ್ ಟ್ಯೂಬಿನಲ್ಲಿ ಗಡ್ಡೆ ಇದೆಯೇ ನೋಡುತ್ತಾರೆ, ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸುತ್ತಾರೆ, ಬೇಕಾದರೆ ಮತ್ತೆ ರಕ್ತ ಕೇಳುತ್ತಾರೆ. ಹತ್ತು ನಿಮಿಷದ ಈ ಶ್ರಮವನ್ನು ಯಾರೂ ನೋಡುವುದಿಲ್ಲ. ಅದನ್ನು ಬಿಟ್ಟರೂ ಯಾರಿಗೂ ತಿಳಿಯುವುದಿಲ್ಲ. ಅಮಾನತ್‌ನ ಪರೀಕ್ಷೆ ಇರುವುದು ಅಲ್ಲಿಯೇ.

ನೇರಳೆ ಮುಚ್ಚಳದ ಟ್ಯೂಬ್ ರಕ್ತಕಣಗಳ ಎಣಿಕೆಗೆ, ಬೂದು ಬಣ್ಣದ್ದು ಸಕ್ಕರೆ ಪರೀಕ್ಷೆಗೆ, ತಿಳಿನೀಲಿಯದ್ದು ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ. ರೋಗಿಯ ಹೆಸರನ್ನು ಅವರ ಎದುರಿನಲ್ಲೇ ಕೇಳಿ ಟ್ಯೂಬಿನ ಮೇಲೆ ಬರೆಯಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಫಾತಿಮಾ, ಮೂವರು ಅಬ್ದುಲ್ಲ ಇರುವುದು ನಮ್ಮಲ್ಲಿ ಹೊಸದಲ್ಲ. ಹೆಸರು ಅದಲುಬದಲಾದರೆ ಒಬ್ಬರ ರೋಗಕ್ಕೆ ಇನ್ನೊಬ್ಬರು ಔಷಧ ತಿನ್ನಬೇಕಾಗುತ್ತದೆ.

ಓದು ಹೇಗೆ?

ಕರ್ನಾಟಕದಲ್ಲಿ ಡಿಎಂಎಲ್‌ಟಿ ಎಂಬ ಡಿಪ್ಲೊಮಾವನ್ನು ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್ ನಡೆಸುತ್ತದೆ. ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ, ಪಿಯುಸಿ ವಿಜ್ಞಾನ ಓದಿದವರಿಗೆ ಎರಡು ವರ್ಷ. ಪಿಯುಸಿ ವಿಜ್ಞಾನದ ನಂತರ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ವಿಶ್ವವಿದ್ಯಾಲಯಗಳ ಪದವಿಯನ್ನೂ ಮಾಡಬಹುದು. ಅದರಲ್ಲಿ ಓದಿನ ಜೊತೆ ಇಂಟರ್ನ್‌ಶಿಪ್ ಇರುತ್ತದೆ. ನಿಯಮಗಳು ಬದಲಾಗುತ್ತಿರುವುದರಿಂದ ಸೇರುವ ವರ್ಷದ ಪ್ರಕಟಣೆಯನ್ನು ನೋಡಿಕೊಳ್ಳಬೇಕು. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ ಬಗ್ಗೆ ಇಲಾಖೆಯ ತಾಲೂಕು ಕಚೇರಿಯಲ್ಲಿ ವಿಚಾರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. 'ಆರು ತಿಂಗಳಲ್ಲಿ ಲ್ಯಾಬ್ ಟೆಕ್ನಿಷಿಯನ್' ಎಂಬ ಜಾಹೀರಾತಿಗೆ ಮರುಳಾಗಬಾರದು. 2021ರಲ್ಲಿ ಬಂದ ಕೇಂದ್ರ ಕಾಯ್ದೆಯ ಪ್ರಕಾರ ಈ ಕ್ಷೇತ್ರದ ಡಿಪ್ಲೊಮಾಕ್ಕೆ ಕನಿಷ್ಠ 2,000 ಗಂಟೆಗಳ ತರಬೇತಿ ಬೇಕು. ಗಲ್ಫ್‌ಗೆ ಹೋಗುವ ಆಸೆ ಇದ್ದವರಿಗೂ ಇದು ಮುಖ್ಯ. ಅಲ್ಲಿಯ ಅನೇಕ ಕಡೆ ಡಾಟಾಫ್ಲೋ ಎಂಬ ಸಂಸ್ಥೆ ಪ್ರಮಾಣಪತ್ರವನ್ನು ಕೊಟ್ಟವರಲ್ಲೇ ವಿಚಾರಿಸುತ್ತದೆ, ಜೊತೆಗೆ ಲೈಸೆನ್ಸ್ ಪರೀಕ್ಷೆಯೂ ಇರುತ್ತದೆ. ಮಾನ್ಯತೆ ಇಲ್ಲದ ಕಾಗದ ಅಲ್ಲಿ ನಿಲ್ಲದು. ತಾಯಿಯ ಬಳೆ ಅಡವಿಟ್ಟು ಕಟ್ಟಿದ ಫೀಸು ಹಾಗೆ ಹೋಗಬಾರದು.

ಸೇರುವ ಮೊದಲು ಕಾಲೇಜಿನಲ್ಲಿ ಮೂರು ಪ್ರಶ್ನೆ ಕೇಳಿ. ಈ ವರ್ಷ ಬೋರ್ಡಿನ ಅಥವಾ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ? ಮಕ್ಕಳು ಯಾವ ಆಸ್ಪತ್ರೆಯ ಲ್ಯಾಬಿನಲ್ಲಿ ಕೈಯಾರೆ ಕೆಲಸ ಕಲಿಯುತ್ತಾರೆ? ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಹಾಕಿಸುತ್ತಾರೆಯೇ? ಸೂಜಿ ಚುಚ್ಚಿಕೊಂಡರೆ ರೋಗ ತಗಲುವ ಕೆಲಸವಿದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು ಎಂಬುದು ಮೊದಲ ದಿನದ ಪಾಠ.

ಕೋರ್ಸ್ ಮುಗಿದ ಕೂಡಲೇ ಪೇಟೆಯಲ್ಲಿ ಸ್ವಂತ ಲ್ಯಾಬ್ ತೆರೆಯೋಣ ಎನ್ನುವವರೂ ಇದ್ದಾರೆ. ಖಾಸಗಿ ಲ್ಯಾಬ್‌ಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿ ಬೇಕು. ರಿಪೋರ್ಟಿಗೆ ಪೆಥಾಲಜಿ ಓದಿದ ವೈದ್ಯರ ಸಹಿ ಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರೀಕ್ಷೆ ಮಾಡುವುದು ಟೆಕ್ನಿಷಿಯನ್ ಕೆಲಸ, ರೋಗ ನಿರ್ಣಯ ವೈದ್ಯರದು.

ದೀನ್‌ಗೆ ಅಡ್ಡಿಯೇ?

ಪೋಷಕರು ಕೇಳುವ ಇನ್ನೊಂದು ಪ್ರಶ್ನೆ ಇದು. ರಕ್ತ ನಜಸ್. ಆದ್ದರಿಂದ ಲ್ಯಾಬ್ ಕೋಟು ಕಳಚಿ, ಬಟ್ಟೆಗೆ ತಾಗಿದ್ದರೆ ಬದಲಿಸಿ ನಮಾಝ್ ಮಾಡಬೇಕು. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇದ್ದರೆ ಸಾಕು. ಶಾಫಿಈ ಮದ್‌ಹಬ್‌ನಲ್ಲಿ ಅನ್ಯ ಸ್ತ್ರೀ ಪುರುಷರ ಚರ್ಮ ನೇರ ತಾಗಿದರೆ ವುಝೂ ಮುರಿಯುತ್ತದೆ, ನಡುವೆ ಗ್ಲೌಸ್ ಇದ್ದರೆ ಮುರಿಯುವುದಿಲ್ಲ. ರಮಝಾನಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟರೆ ಉಪವಾಸವೂ ಮುರಿಯುವುದಿಲ್ಲ. ಹೆಚ್ಚಿನ ಸಂದೇಹವಿದ್ದರೆ ಮಹಲ್ಲಿನ ಉಸ್ತಾದರಲ್ಲಿ ಕೇಳಿ.

ಹೆಣ್ಣುಮಕ್ಕಳ ವಿಷಯದಲ್ಲಿ ರುಫೈದಾ(ರ)ರನ್ನು ನೆನಪಿಸಿಕೊಳ್ಳೋಣ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ) ಕಳುಹಿಸಿದ್ದು ಮಸೀದಿಯ ಬಳಿಯಿದ್ದ ಆ ಮಹಿಳೆಯ ಡೇರೆಗೆ. ತೋಳು ತೋರಿಸಲು ಸಂಕೋಚಪಡುವ ನಮ್ಮ ತಾಯಂದಿರಿಗೆ ಸೂಜಿ ಹಿಡಿದ ಕೈ ಒಬ್ಬ ಮಗಳದ್ದಾದರೆ ಎಷ್ಟು ನಿರಾಳ!

ನಮ್ಮ ಮಕ್ಕಳು ಮದ್ರಸದಲ್ಲಿ ಕಲಿತ ಅಮಾನತ್‌ನ ಪಾಠವನ್ನು ಲ್ಯಾಬಿನ ಮೇಜಿನ ಮುಂದೆಯೂ ಮರೆಯದಿರಲಿ. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಊರಿನ ಜನ ನಂಬಿ ರಕ್ತ ಕೊಡುವಂಥ ಕೈಗಳನ್ನು ಅಲ್ಲಾಹನು ನಮ್ಮ ಮನೆಗಳಿಂದ ಬೆಳೆಸಲಿ. ಆಮೀನ್.