ಕಾರವಾರದಿಂದ ರಾಕೆಟ್ ಏಕೆ ಹಾರುವುದಿಲ್ಲ?

ಉಡಾವಣೆಯನ್ನು ಟಿವಿಯಲ್ಲಿ ನೋಡಿದ ಕರಾವಳಿಯ ಮಕ್ಕಳು ಒಂದು ಒಳ್ಳೆಯ ಪ್ರಶ್ನೆ ಕೇಳಬಹುದು: ಶ್ರೀಹರಿಕೋಟಾದಲ್ಲೂ ಕಡಲು, ನಮ್ಮಲ್ಲೂ ಕಡಲು, ಇಲ್ಲಿಂದೇಕೆ ರಾಕೆಟ್ ಹಾರಿಸುವುದಿಲ್ಲ?

ಉತ್ತರವಿರುವುದು ದಿಕ್ಕಿನಲ್ಲಿ. ಕಾರವಾರದ ಟಾಗೋರ್ ಕಡಲತೀರದಲ್ಲಾಗಲಿ, ಅಂಕೋಲೆಯ ಬೇಲೆಕೇರಿಯಲ್ಲಾಗಲಿ ಕಡಲು ಇರುವುದು ಪಶ್ಚಿಮಕ್ಕೆ. ಭೂಮಿ ತಿರುಗುವುದು ಪೂರ್ವಕ್ಕೆ. ನಮ್ಮ ಅಕ್ಷಾಂಶದಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 450 ಮೀಟರ್. ಪೂರ್ವಕ್ಕೆ ಹಾರುವ ರಾಕೆಟ್‌ಗೆ ಇಷ್ಟೂ ವೇಗ ಪುಕ್ಕಟೆಯಾಗಿ ಸಿಗುತ್ತದೆ. ಪಶ್ಚಿಮಕ್ಕೆ ಹಾರಿದರೆ ಅಷ್ಟನ್ನೂ ಇಂಧನ ಸುಟ್ಟು ತುಂಬಿಕೊಡಬೇಕು. ಕಾರವಾರದಿಂದಲೇ ಪೂರ್ವಕ್ಕೆ ಹಾರಿಸೋಣವೆಂದರೆ, ಉರಿದು ಕಳಚಿಕೊಳ್ಳುವ ಹಂತಗಳು ಘಟ್ಟದಾಚೆಯ ಊರುಗಳ ಮೇಲೆ ಬೀಳುತ್ತವೆ. ಶ್ರೀಹರಿಕೋಟಾದಲ್ಲಿ ಅವು ಬಂಗಾಳ ಕೊಲ್ಲಿಯ ಪಾಲು.

ರಾಕೆಟ್ ಹಾರಿಸಿದ ಕೇರಳದ ‘ತುಂಬಾ’ ಎಂಬ ಊರು ಕೂಡ ಅರಬ್ಬಿ ಸಮುದ್ರದ ದಂಡೆಯಲ್ಲೇ ಇದೆಯಲ್ಲವೇ? ಹೌದು. ಆದರೆ 1963ರ ನವೆಂಬರ್ 21ರಂದು ಅಲ್ಲಿಂದ ಚಿಮ್ಮಿದ್ದು, ಮೇಲೇರಿ ಮರಳಿ ಬೀಳುವ ಶೋಧ ರಾಕೆಟ್. ಅದು ಕಕ್ಷೆ ಸೇರಬೇಕಿರಲಿಲ್ಲ, ಹಾಗಾಗಿ ಭೂಮಿಯ ನೆರವೂ ಬೇಕಿರಲಿಲ್ಲ.

ಹೋಗಲಿ, ಇಲ್ಲಿಂದ ಕಾಣುತ್ತದೆಯೇ? ಶ್ರೀಹರಿಕೋಟಾ ನಮಗೆ 650 ಕಿ.ಮೀ.ಗೂ ದೂರ. ಭೂಮಿಯ ಬಾಗಿನಿಂದಾಗಿ, ರಾಕೆಟ್ ಸುಮಾರು 35 ಕಿ.ಮೀ. ಏರುವ ತನಕ ನಮ್ಮ ದಿಗಂತದ ಕೆಳಗೇ ಇರುತ್ತದೆ. ಆಮೇಲೂ ಸಹ್ಯಾದ್ರಿ ಅಡ್ಡ.

ಖುದ್ದಾಗಿ ನೋಡಬೇಕೆನ್ನುವವರಿಗೆ 2019ರಿಂದ ಶ್ರೀಹರಿಕೋಟಾದಲ್ಲಿ ವೀಕ್ಷಕರ ಗ್ಯಾಲರಿಯಿದೆ. ಹೆಸರನ್ನು ಮೊದಲೇ ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು. ಅಲ್ಲಿ ಬೆಳಕು ಮೊದಲು ಕಾಣುತ್ತದೆ. ಸದ್ದು ಪ್ರತಿ ಕಿಲೋಮೀಟರಿಗೆ 3 ಸೆಕೆಂಡಿನಂತೆ ಹಿಂದೆ ಬರುತ್ತದೆ.

ಮನೆಯಲ್ಲಿ ನೋಡುವವರಿಗೂ ಒಂದು ಅನುಕೂಲವಿದೆ. ಬರಿಗಣ್ಣಿಗೆ ರಾಕೆಟ್ ಕಾಣುವುದು ಕೆಲವೇ ನಿಮಿಷ. ಆದರೆ ನೇರಪ್ರಸಾರದ ಪರದೆಯಲ್ಲಿ ರಾಕೆಟ್ ಸಾಗಬೇಕಾದ ಹಾದಿಯ ಗೆರೆಯಿರುತ್ತದೆ, ಅದರ ಮೇಲೇ ನಿಜವಾಗಿ ಸಾಗುತ್ತಿರುವ ಹಾದಿ ಮೂಡುತ್ತ ಹೋಗುತ್ತದೆ. ಎರಡೂ ಕೂಡಿಕೊಂಡಿದ್ದರೆ ಎಲ್ಲವೂ ಸರಿ. 2023ರ ಜುಲೈ 14ರಂದು ಚಂದ್ರಯಾನ-3 ಹೊತ್ತ ರಾಕೆಟ್‌ನ ಪಕ್ಕದ ಎರಡು ಬೂಸ್ಟರ್‌ಗಳು ಸುಮಾರು ಎರಡು ನಿಮಿಷಕ್ಕೇ ಕಳಚಿದವು. ನೌಕೆ ಬೇರ್ಪಟ್ಟದ್ದು 16 ನಿಮಿಷ ಕಳೆದ ಮೇಲೆ. 2025ರ ಮೇ 18ರ ಪಿಎಸ್‌ಎಲ್‌ವಿ-ಸಿ61ರಲ್ಲಿ ಮೊದಲೆರಡು ಹಂತ ಸರಿಯಾಗಿಯೇ ಉರಿದು, ಮೂರನೆಯದರಲ್ಲಿ ಒತ್ತಡ ಕುಸಿದು ಉಪಗ್ರಹ ಕೈತಪ್ಪಿತು.

ಹಾಗಾಗಿ ಮುಂದಿನ ಉಡಾವಣೆಯ ದಿನ, ಬೆಂಕಿ ಮರೆಯಾಯಿತೆಂದು ಚಾನೆಲ್ ಬದಲಿಸಬೇಡಿ. ಮಕ್ಕಳಿಗೆ ಆ ಗೆರೆ ತೋರಿಸಿ, ಕೊನೆಯ ಹಂತ ಬೇರ್ಪಡುವವರೆಗೂ ಕೂರಿಸಿಕೊಳ್ಳಿ. ಉಡಾವಣೆಯ ಸೋಲು ಗೆಲುವು ತೀರ್ಮಾನವಾಗುವುದು ಆ ನಿಮಿಷಗಳಲ್ಲೇ.